ಒಂದು ಕಿಲೋ ನೂರ ಎಂಬತ್ತು

ನಮ್ಮ ಊರಿನ ಹೊಳೆಗೆ ಇರುವುದು ಒಂದೇ ಸೇತುವೆ. ಅದನ್ನು ದಾಟುವಾಗ ಯಾರೂ ತಾವು ಹುಟ್ಟಿದ ದಿನ ಎಷ್ಟು ತೂಗಿದ್ದರೋ ಅದಕ್ಕಿಂತ ಹೆಚ್ಚು ಹೊರುವ ಹಾಗಿಲ್ಲ. ಹೊತ್ತರೆ ಸರಿಯಾಗಿ ನಡುಸೇತುವೆಗೆ ಬಂದಾಗ ಎರಡೂ ಪಾದ ಹಲಗೆಗೆ ಕಚ್ಚಿಕೊಂಡು ನಿಲ್ಲುತ್ತವೆ. ಹೆಚ್ಚಿನದನ್ನು ಕೆಳಗಿಟ್ಟರೆ ಬಿಡುತ್ತವೆ. ಜೀವವಿರುವುದಕ್ಕೆ ಲೆಕ್ಕವಿಲ್ಲ. ಅದಕ್ಕೇ ಕೋಳಿಯನ್ನು ಅದು ಕೂಗುತ್ತಿರುವಾಗಲೇ ದಾಟಿಸಬೇಕು, ಕೊಯ್ದ ಮೇಲೆ ಅದು ಸಾಮಾನು. ಉಟ್ಟ ಬಟ್ಟೆಗೂ ತೊಟ್ಟ ಒಡವೆಗೂ ಲೆಕ್ಕವಿಲ್ಲ. ಹಾಗೆಂದು ಒಬ್ಬಾತ ಎರಡು ಕುಂಬಳಕಾಯಿಗಳನ್ನು ಪಂಚೆಯಲ್ಲಿ ಸುತ್ತಿ ಸೊಂಟಕ್ಕೆ ಬಿಗಿದುಕೊಂಡು, ಇದೂ ಉಡುಪೇ ಎಂದು ಹೊರಟಿದ್ದ. ಮಧ್ಯಾಹ್ನದವರೆಗೆ ನಡುಸೇತುವೆಯಲ್ಲಿ ನಿಂತು ಹೋಗಿಬರುವವರಿಗೆಲ್ಲ ನಮಸ್ಕಾರ ಮಾಡುತ್ತಿದ್ದ. ಎಮ್ಮೆಕರು ಹುಟ್ಟುವಾಗಲೇ ಮೂವತ್ತು ಕಿಲೋ ಇರುತ್ತದೆ, ಹಾಗಾಗಿ ಅಕ್ಕಿಮೂಟೆಗೆಲ್ಲ ಎಮ್ಮೆಗಳೇ. ಮೋಟಾರು ಗಾಡಿಗಳು ಹುಟ್ಟುವುದಿಲ್ಲವಾದ್ದರಿಂದ ಅವು ಎರಡೂ ದಡದಲ್ಲಿ ನಿಂತುಬಿಡುತ್ತವೆ.

ಹೀಗಾಗಿ ನಮ್ಮಲ್ಲಿ ಹೆಣ್ಣು ಗಂಡು ನೋಡುವಾಗ ಜಾತಕಕ್ಕಿಂತ ಮುಂಚೆ ತೂಕ ಕೇಳುತ್ತಾರೆ. ನಾಲ್ಕು ಕಿಲೋ ದಾಟಿ ಹುಟ್ಟಿದವರೆಂದರೆ ಮದುವೆಮನೆಯಲ್ಲಿ ಮೊದಲ ಪಂಕ್ತಿಯ ಮರ್ಯಾದೆ. ಆದರೆ ಆ ಮರ್ಯಾದೆಯ ಬೆನ್ನಿಗೇ ಒಂದು ಕಾಟವೂ ಇದೆ. ಭಾರವಾಗಿ ಹುಟ್ಟಿದವರು ಖಾಲಿ ಕೈಯಲ್ಲಿ ಸೇತುವೆ ಹತ್ತುವ ಪದ್ಧತಿಯಿಲ್ಲ. ಸೇತುವೆಯ ತುದಿಯಲ್ಲಿ ಯಾರಾದರೊಬ್ಬರು ಚೀಲ ಹಿಡಿದು ಕಾದೇ ಇರುತ್ತಾರೆ. "ಇದೊಂದನ್ನ ಆ ಕಡೆ ನಮ್ಮ ಅತ್ತಿಗೆ ಮನೆಗೆ ಮುಟ್ಟಿಸ್ಬಿಡಿ" ಎನ್ನುತ್ತಾರೆ. ಮುಟ್ಟಿಸಬೇಕು. ಆಗುವುದಿಲ್ಲ ಎಂದವರನ್ನು ನನ್ನ ಮೂವತ್ತೊಂಬತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ.

ನಾನು ಹುಟ್ಟಿದ್ದು ಒಂದು ಕಿಲೋ ನೂರ ಎಂಬತ್ತು ಗ್ರಾಂ. ಏಳು ತಿಂಗಳಿಗೇ ಬಂದುಬಿಟ್ಟವಳು. ಅವ್ವ ಇದನ್ನು ಬೀದಿಯಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ, ಸರ್ವಮಂಗಳ ಎಂಬ ನನ್ನ ಹೆಸರೂ ನನಗೆ ಭಾರವಾದೀತೆಂದು ಜನ ಸರ್ವಿ ಎಂದು ಕತ್ತರಿಸಿದರು. ಶಾಲೆ ಆಚೆ ದಡದಲ್ಲಿತ್ತು. ನನ್ನ ಪುಸ್ತಕಗಳನ್ನು ಅಕ್ಕ ಹೊರುತ್ತಿದ್ದಳು, ನಾನು ಒಂದು ಬಳಪ ಹಿಡಿದು ದಾಟುತ್ತಿದ್ದೆ. ಮುಂದೆ ಮೂರು ಕಡೆಯವರು ನನ್ನನ್ನು ನೋಡಲು ಬಂದರು, ಉಪ್ಪಿಟ್ಟು ತಿಂದರು, ತೂಕ ಕೇಳಿದರು, ಎದ್ದು ಹೋದರು. ಅತ್ತೆಯಾಗಬೇಕಿದ್ದ ಒಬ್ಬ ಹೆಂಗಸು, "ಒಂದು ಬಿಂದಿಗೆ ನೀರೂ ದಾಟಿಸೋಕಾಗಲ್ವಲ್ಲ, ಪಾಪ" ಎಂದು ನನ್ನ ಕೆನ್ನೆ ಸವರಿ ಹೋದಳು. ಬೇಸರವಾಗಲಿಲ್ಲ ಎಂದರೆ ಸುಳ್ಳು. ಒಂದೆರಡು ವರ್ಷ ಚೆನ್ನಾಗಿಯೇ ಬೇಸರಪಟ್ಟುಕೊಂಡೆ. ಆಮೇಲೆ ಬೇಸರಕ್ಕೂ ಬೇಸರ ಬಂದು ಕೆಲಸಕ್ಕೆ ಕೂತೆ. ನನ್ನ ಕೆಲಸ ಲಗ್ನಪತ್ರಿಕೆ ಮಾಡುವುದು.

ಅದು ಮನೆಯಲ್ಲಿ ಕೂತು ಮಾಡಿ ಕಳಿಸುವ ಕೆಲಸವಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಸುಳ್ಳು ಹೇಳಿ ಮುಗಿಸಿದ ಮೇಲೂ ಉಳಿಯುವುದು ಆಗಮನಾಭಿಲಾಷಿಗಳ ಪಟ್ಟಿ. ಚಿಕ್ಕಪ್ಪನ ಹೆಸರು ಸೋದರಮಾವನ ಹೆಸರಿಗಿಂತ ಅರ್ಧ ಗೆರೆ ಮೇಲೆ ಬಂದರೆ ಚಪ್ಪರದ ಕಂಬ ಅಲ್ಲಾಡುತ್ತದೆ. ಆದ್ದರಿಂದ ಮದುವೆಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತು, ಹಿರಿಯರನ್ನೆಲ್ಲ ಸುತ್ತ ಕೂರಿಸಿಕೊಂಡು, ಒಂದೊಂದೇ ಹೆಸರನ್ನು ಮೇಲೆ ಕೆಳಗೆ ಸರಿಸುತ್ತ, ಎಲ್ಲರ ಬಾಯಿಂದ ಹೂಂ ಅನ್ನಿಸಿಕೊಂಡೇ ಏಳಬೇಕು. ಸಂಜೆ ಈಚೆ ದಡದ ಪ್ರೆಸ್ಸಿಗೆ ಬಂದು, ಅದೇ ಲ್ಯಾಪ್‌ಟಾಪ್ ಬಿಚ್ಚಿ, ತಪ್ಪು ತಿದ್ದಿ ಅಚ್ಚಿಗೆ ಕೊಡಬೇಕು. ಮದುವೆಗಳೆಲ್ಲ ಆಚೆ ದಡದಲ್ಲಿ, ಪ್ರೆಸ್ಸು ಈಚೆ. ಮೊದಲಿನಿಂದಲೂ ನನ್ನ ಹತ್ತಿರ ಇದ್ದದ್ದು ದೊಡ್ಡ ಹಳೇ ಲ್ಯಾಪ್‌ಟಾಪು. ಅದು ಎರಡು ಕಿಲೋ ಏಳುನೂರು, ಇಟ್ಟಿಗೆಯಂಥ ಚಾರ್ಜರ್ ಮತ್ತು ಚೀಲ ಸೇರಿ ಮೂರು ಕಿಲೋ ನಾನೂರು. ನನ್ನಂಥವರು ಇಬ್ಬರು ಹುಟ್ಟಿದರೂ ಹೊರಲಾಗದ್ದು.

ಅದನ್ನು ಹೊರುತ್ತಿದ್ದವರು ಅಕ್ಕನ ಗಂಡ ಗುರುಶಾಂತಪ್ಪ. ಭಾವ ಹುಟ್ಟಿದ್ದು ನಾಲ್ಕು ಕಿಲೋ ಆರುನೂರು, ಮತ್ತು ಅದನ್ನು ಕೇಳದೇ ಇದ್ದವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಕೆಟ್ಟವರಲ್ಲ. ಆದರೆ ಹತ್ತು ವರ್ಷ ನನ್ನ ಚೀಲ ಹೊತ್ತು ಹೊತ್ತು, ಕೆಲಸವೂ ಚೀಲದೊಳಗೇ ಇದೆ ಎಂದು ಅವರಿಗೆ ಅನ್ನಿಸಿಬಿಟ್ಟಿತ್ತು. ಮದುವೆಮನೆಗೆ ಹೋದರೆ ಮೊದಲು ಕೂರುವವರು ಅವರು. ಕಾಫಿ ಮೊದಲು ಬರುವುದು ಅವರಿಗೆ. "ಪತ್ರಿಕೆ ಗುರುಶಾಂತಪ್ಪನವರು, ಅವರ ಜೊತೆ ಟೈಪ್ ಮಾಡೋ ಹುಡುಗೀನೂ ಬಂದಿದ್ದಾಳೆ" ಎಂದು ಒಳಗೆ ಕೂಗಿ ಹೇಳುತ್ತಿದ್ದರು. ಆ ಹುಡುಗಿಗೆ ಕೂದಲು ಬೆಳ್ಳಗಾಗುತ್ತ ಬಂದಿದ್ದನ್ನು ಯಾರೂ ಗಮನಿಸಲಿಲ್ಲ. ಭಾವ ಮಧ್ಯಾಹ್ನದ ನಿದ್ದೆ ಮುಗಿಸದೆ ಹೊರಡುತ್ತಿರಲಿಲ್ಲ. ಎಷ್ಟೋ ಸಲ ನಾನು ಅವರ ಪಡಸಾಲೆಯಲ್ಲಿ ಕೂತು, ಅವರ ಗೊರಕೆ ಯಾವ ಹಂತದಲ್ಲಿದೆ ಎಂದು ಕಿವಿಗೊಟ್ಟು ಕೇಳುತ್ತ ಕಾದಿದ್ದೇನೆ.

ದೀಪಾವಳಿ ಕಳೆದ ವಾರ ಆಚೆ ದಡದ ದೊಡ್ಡ ಛತ್ರದ ಮ್ಯಾನೇಜರ್ ಅಂಬುಜಾಕ್ಷಿಯವರು ನನ್ನನ್ನು ಒಬ್ಬಳನ್ನೇ ಕರೆಸಿದರು. ಅವರದು ಅಳತೆಯ ಮಾತು. "ಛತ್ರ ಬುಕ್ ಮಾಡೋಕೆ ಬರೋರೆಲ್ಲ ಪತ್ರಿಕೆ ಎಲ್ಲಿ ಮಾಡಿಸೋದು ಅಂತ ಕೇಳ್ತಾರೆ. ಬಾಗಿಲ ಹತ್ರ ಒಂದು ಮೇಜು ಕೊಡ್ತೀನಿ. ನಿಮ್ಮ ಹೆಸರಿನ ಬೋರ್ಡು ನಾವೇ ಹಾಕಿಸ್ತೀವಿ. ದಿನಾ ಹತ್ತು ಗಂಟೆಗೆ ಬರ್ಬೇಕು. ಹತ್ತು ಅಂದ್ರೆ ಹತ್ತು. ಹತ್ತೂವರೆಗೆ ಬರೋರು ಬೇರೆ ಇಬ್ಬರು ಕೇಳ್ತಿದ್ದಾರೆ" ಎಂದರು. ನನ್ನ ಕಿವಿಗೆ ಕೇಳಿದ್ದು ನಿಮ್ಮ ಹೆಸರಿನ ಬೋರ್ಡು ಎಂಬ ಮೂರು ಮಾತು ಮಾತ್ರ. ಬರುತ್ತೇನೆ ಎಂದೆ. ಸೇತುವೆಯ ಹತ್ತಿರ ಬಂದ ಮೇಲೆ, ಭಾವ ಹತ್ತು ಗಂಟೆಗೆ ಇನ್ನೂ ಎರಡನೇ ಲೋಟ ಕಾಫಿಯಲ್ಲಿರುತ್ತಾರೆ ಎಂಬುದು ನೆನಪಾಯಿತು.

ಮರುದಿನ ಫಯಾಜ್ ಸಾಹೇಬರ ಲ್ಯಾಪ್‌ಟಾಪ್ ಅಂಗಡಿಗೆ ಹೋದೆ. ಬೇರೆ ಊರಿನ ಅಂಗಡಿಗಳಲ್ಲಿ ಮೊದಲು ಕೀಲಿಮಣೆ ತೋರಿಸುತ್ತಾರಂತೆ. ನಮ್ಮಲ್ಲಿ ಮೊದಲು ತಕ್ಕಡಿ. ಸಾಹೇಬರು ಅಕ್ಕಸಾಲಿಗರಿಂದ ಕೊಂಡ ಗಾಜಿನ ಪೆಟ್ಟಿಗೆಯ ತಕ್ಕಡಿ ಇಟ್ಟಿದ್ದರು. ಗೋಡೆಯ ಮೇಲೆ 'ಚಾರ್ಜರ್ ಸಮೇತ ತೂಕ ಹೇಳಲಾಗುವುದು' ಎಂಬ ಬೋರ್ಡು.

"ನಿಮ್ಮದೆಷ್ಟಮ್ಮ?" ಎಂದು ಕೇಳಿದರು. ಡಾಕ್ಟರು ಕೇಳುವಂತೆ ಮೆಲ್ಲಗೆ.

"ಒಂದು ನೂರ ಎಂಬತ್ತು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೊಬೈಲಿಗೆ ಇನ್ನೂರು ಗ್ರಾಂ ತೆಗೀರಿ. ಉಳಿದಿದ್ದು ಒಂಬೈನೂರ ಎಂಬತ್ತು. ಊಟ?"

"ಛತ್ರದಲ್ಲಿ ಊಟಕ್ಕೇನು ಬರ."

"ಅಲ್ಹಮ್ದುಲಿಲ್ಲಾ. ಹಾಗಾದ್ರೆ ನೋಡೋಣ" ಎಂದು ನಾಲ್ಕು ಪೆಟ್ಟಿಗೆ ಇಳಿಸಿದರು. ಮೊದಲನೆಯದು ಎಂಟುನೂರ ಐವತ್ತು ಗ್ರಾಂ, ಊಟದ ತಟ್ಟೆಗಿಂತ ಚಿಕ್ಕದು. ಕೊಂಡೇ ಬಿಡೋಣ ಎಂದು ನಾನು ಎದ್ದು ನಿಂತೆ. ಸಾಹೇಬರು ಕೂರಿಸಿದರು. "ತೂಕ ನೋಡಿ ತಗೊಂಡ ಮೇಲೆ ಕೆಲಸ ನೋಡಿ ಅಳೋರನ್ನ ನಾನು ಬೇಕಾದಷ್ಟು ನೋಡಿದೀನಿ. ದಿನಾ ಏನು ಕೆಲಸ ಮಾಡ್ತೀರೋ ಅದನ್ನ ಇಲ್ಲೇ ಪೂರ್ತಿ ಮಾಡಿ. ಆಮೇಲೆ ಮಾತಾಡೋಣ."

ಒಂದು ಲಗ್ನಪತ್ರಿಕೆ ಮಾಡತೊಡಗಿದೆ. ಎಂಟುನೂರ ಐವತ್ತರ ಪರದೆಯಲ್ಲಿ ವರನ ತಂದೆ ತಾಯಿ ಬರುವಷ್ಟರಲ್ಲಿ ಜಾಗ ಮುಗಿಯಿತು. ನಲವತ್ತೆರಡು ಆಗಮನಾಭಿಲಾಷಿಗಳನ್ನು ಕಾಣಿಸಬೇಕಾದರೆ ಅಕ್ಷರ ಸಾಸಿವೆಯಷ್ಟಾಗಬೇಕು. ತಮ್ಮ ಹೆಸರು ಕಾಣದ ಚಿಕ್ಕಪ್ಪನಿಗೆ ಅದು ಇದೆ ಎಂದು ನಂಬಿಸುವುದು ದೇವರಿಂದಲೂ ಆಗದು. ಎರಡನೆಯದರ ಪರದೆ ಅಗಲವಿತ್ತು, ತೂಕ ಒಂದೂವರೆ ಕಿಲೋ. ಅದನ್ನು ನೋಡಿದ್ದಕ್ಕೇ ನನಗೆ ಪಾದ ಅಂಟಿದಂತಾಯಿತು. ಮೂರನೆಯದು ಹಗುರ, ಅಗಲ ಎಲ್ಲ ಸರಿ, ಆದರೆ ಬ್ಯಾಟರಿ ಮೂರು ಗಂಟೆ. ಮೂರು ಗಂಟೆಯಲ್ಲಿ ನಮ್ಮ ಕಡೆ ಸೋದರಮಾವಂದಿರು ಕೂತು ಮಾತಿಗೇ ಇಳಿದಿರುವುದಿಲ್ಲ. ನಾಲ್ಕನೆಯದು ಹದಿಮೂರು ಇಂಚು, ಕೀಲಿಗಳು ಬೆರಳಿಗೆ ಹಿತವಾಗಿ ಕುಣಿಯುತ್ತಿದ್ದವು, ಬ್ಯಾಟರಿ ಒಂದು ಹಗಲು ಪೂರ್ತಿ. ತಕ್ಕಡಿಯ ಮುಳ್ಳು ಒಂಬೈನೂರ ಎಪ್ಪತ್ತಕ್ಕೆ ನಿಂತಿತು.

"ಇದರ ಚಾರ್ಜರ್?" ಎಂದೆ, ಉಸಿರು ಹಿಡಿದು.

"ಇನ್ನೂರ ಇಪ್ಪತ್ತು. ಅದನ್ನ ಹೊರ್ಬೇಡಿ. ಇನ್ನೊಂದು ಕೊಡ್ತೀನಿ, ನಮ್ಮ ಭಾಮೈದ ನಾಳೆ ದಾಟ್ತಾನೆ, ಛತ್ರದಲ್ಲಿ ಇಟ್ಟು ಬರ್ತಾನೆ. ಅದು ಅಲ್ಲೇ ಇರ್ಲಿ. ಈ ಕಡೆಗೊಂದು, ಆ ಕಡೆಗೊಂದು." ಹೊರಡುವಾಗ ಲ್ಯಾಪ್‌ಟಾಪಿನ ಮೈಮೇಲಿದ್ದ ಚೀಟಿಗಳನ್ನೆಲ್ಲ ಉಗುರಿನಿಂದ ಕಿತ್ತು ತೆಗೆದರು. "ಚೀಟಿಗೂ ತೂಕ ಇರುತ್ತಮ್ಮ" ಎಂದರು. ಮೊಬೈಲು ಸೇರಿ ಒಂದು ಕಿಲೋ ನೂರ ಎಪ್ಪತ್ತು. ಹತ್ತು ಗ್ರಾಂ ನನಗೆ ಉಳಿಯಿತು. ಅದರಲ್ಲಿ ಒಂದು ಕರವಸ್ತ್ರ ಹಿಡಿಯಬಹುದು, ಬೆವರಿನಿಂದ ನೆನೆಯಬಾರದು ಅಷ್ಟೆ.

ಭಾವನಿಗೆ ಹೇಳಲು ಹೋದೆ. ಅವರು ನನ್ನ ಹೊಸ ಲ್ಯಾಪ್‌ಟಾಪನ್ನು ಎರಡು ಬೆರಳಲ್ಲಿ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಹಪ್ಪಳ ನೋಡಿದ ಹಾಗೆ ನೋಡಿದರು. "ಇದರಲ್ಲಿ ಕೆಲಸ ಆಗುತ್ತಾ? ಕೆಲಸ ಅಂದ್ರೆ ತೂಕ ಇರ್ಬೇಕಮ್ಮ ಸರ್ವಿ. ಅಲ್ಲಾ, ನಾಳೆ ಅಲ್ಲಿ ಕೂತ್ಕೊಂಡಾಗ ಇದು ಕೈ ಕೊಟ್ರೆ? ನಾನೂ ಬರ್ತೀನಿ, ಹಳೇದನ್ನ ತಗೊಂಡು" ಎಂದರು. ಬೇಡ ಭಾವ ಎಂದೆ. ಅವರಿಗೆ ಕೇಳಿಸಲಿಲ್ಲ. ಕೇಳಿಸಿತ್ತು, ಆದರೆ ಹತ್ತು ವರ್ಷದ ಮೊದಲ ಪಂಕ್ತಿಯ ಕಾಫಿ ಕೈತಪ್ಪುವುದು ಯಾರಿಗೆ ತಾನೆ ಸುಲಭ.

ಮೊದಲ ದಿನ ಒಂಬತ್ತೂಮುಕ್ಕಾಲಿಗೆ ಸೇತುವೆ ಹತ್ತಿದೆ. ಸೇತುವೆಗೆ ಸಿಕ್ಕಿಕೊಳ್ಳುವುದೆಂದರೆ ನಮ್ಮಲ್ಲಿ ಸಾಮಾನ್ಯ ಅವಮಾನವಲ್ಲ, ಮೊಮ್ಮಕ್ಕಳ ಮದುವೆಯವರೆಗೂ ಅದನ್ನು ಹೇಳಿಕೊಂಡು ನಗುತ್ತಾರೆ. ಆ ಹೆದರಿಕೆಗೇ ನಾನು ಜೀವನಪೂರ್ತಿ ಬರಿಗೈಯಲ್ಲಿ ದಾಟಿದವಳು. ಈಗ ನನ್ನ ಹೆಗಲಿಗೆ ಸೆರಗಿನಲ್ಲಿ ಕಟ್ಟಿದ ಲ್ಯಾಪ್‌ಟಾಪು. ಮುಂದೆ ಭಾವ. ಅವರು ಹಳೇ ಲ್ಯಾಪ್‌ಟಾಪಿನ ಚೀಲವನ್ನಷ್ಟೇ ಅಲ್ಲ, ಭುಜ ನೋವೆಂದು ಹತ್ತು ವರ್ಷ ಮುಟ್ಟದಿದ್ದ ಮಾದರಿ ಪತ್ರಿಕೆಗಳ ಎರಡು ದಪ್ಪ ಆಲ್ಬಮ್ಮುಗಳನ್ನೂ ಕಂಕುಳಿಗೆ ಸೇರಿಸಿದ್ದರು. ತಾವಿಲ್ಲದೆ ಏನೂ ನಡೆಯದೆಂದು ಒಂದೇ ದಿನದಲ್ಲಿ ತೋರಿಸಬೇಕಿತ್ತಲ್ಲ. ಎಲ್ಲ ಸೇರಿ ನಾಲ್ಕು ಕಿಲೋ ನಾನೂರು ಇರಬಹುದು. ಅವರ ನಾಲ್ಕು ಆರುನೂರಕ್ಕೆ ಅದೇನು ಮಹಾ.

ನಡುಸೇತುವೆಯಲ್ಲಿ ಭಾವ ನಿಂತರು. ಯಾರನ್ನೋ ನೋಡಿ ನಿಂತರೆಂದುಕೊಂಡೆ. ಅವರ ಮೈ ಮುಂದಕ್ಕೆ ಬಾಗಿತು, ಪಾದ ಬರಲಿಲ್ಲ.

"ಭಾವ?"

"ಹೊಳೆ ನೋಡ್ತಿದೀನಿ" ಎಂದರು. ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು.

ಹಿಂದೆ ಜನ ಸೇರಿದರು. ಹಾಲಿನವರು, ಎರಡು ಎಮ್ಮೆ, ಕೋಳಿ ಹಿಡಿದ ಒಬ್ಬ. "ಗುರುಶಾಂತಪ್ಪನವರಿಗೆ ಕಾಲು ಬರ್ತಿಲ್ಲ" ಎಂದು ಯಾರೋ ಹೇಳಿದರು. "ಅವರದ್ದು ನಾಲ್ಕೂ ಆರುನೂರಲ್ವಾ, ಚೀಲದಲ್ಲಿ ಬಂಡೆಗಿಂಡೆ ಇಟ್ಕೊಂಡವ್ರಾ?" ಎಂದು ಇನ್ನೊಬ್ಬರು. ಭಾವ ನನ್ನ ಕಡೆ ತಿರುಗಿ ನೋಡಿದರು. ಆ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. "ನಮ್ಮಮ್ಮ ಮದುವೆ ಟೈಮಲ್ಲಿ ಒಂದು ಕಿಲೋ ಸೇರ್ಸಿ ಹೇಳಿದ್ರು ಕಣಮ್ಮ. ಆಲ್ಬಮ್ಮು ಇಷ್ಟು ತೂಗುತ್ತೆ ಅಂದ್ಕೊಂಡಿರ್ಲಿಲ್ಲ" ಎಂದು ನನಗೊಬ್ಬಳಿಗೇ ಕೇಳಿಸುವ ಹಾಗೆ ಹೇಳಿದರು.

ಹತ್ತಕ್ಕೆ ಹತ್ತು ನಿಮಿಷವಿತ್ತು. ಹಿಂದೆ ಎಮ್ಮೆ ಮೂಸುತ್ತಿತ್ತು. ನಾನು ಏನೂ ಯೋಚಿಸಲಿಲ್ಲ, ಇದಕ್ಕೆ ನನ್ನಾಣೆ. ಅವರ ಹೆಗಲಿಂದ ಹಳೇ ಲ್ಯಾಪ್‌ಟಾಪಿನ ಚೀಲ ಎಳೆದು ನನ್ನ ಇನ್ನೊಂದು ಹೆಗಲಿಗೆ ಹಾಕಿಕೊಂಡು, "ದಾರಿ ಬಿಡಿ ಭಾವ" ಎಂದು ನಡೆದೆ. ಅವರ ಪಾದ ಬಿಟ್ಟಿತು. ಅವರು ಮುಂದೆ ಬರದೆ ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಮನೆ ಕಡೆ ಹೊರಟರು. ಆಚೆ ದಡ ಮುಟ್ಟಿದಾಗ ಹಿಂದೆ ಯಾಕೋ ಯಾರೂ ಮಾತಾಡುತ್ತಿಲ್ಲ ಅನ್ನಿಸಿತು. ತಿರುಗಿದರೆ ಎಲ್ಲರೂ, ಕೋಳಿಯೂ ಸೇರಿ, ನನ್ನನ್ನೇ ನೋಡುತ್ತಿದ್ದರು. ಆಗ ನನ್ನ ಎರಡೂ ಹೆಗಲು ನನಗೆ ಕಂಡವು. ನಾಲ್ಕೂವರೆ ಕಿಲೋ ಹೊತ್ತು ನಾನು ಸೇತುವೆ ದಾಟಿದ್ದೆ.

ಛತ್ರ ಸೇರಿದಾಗ ಹತ್ತೂ ಐದು. ಅಂಬುಜಾಕ್ಷಿಯವರು ಗಡಿಯಾರ ನೋಡಿ, "ಇವತ್ತೊಂದು ದಿನ" ಎಂದರು. ಬಾಗಿಲ ಬಳಿ ಮೇಜಿತ್ತು. ಮೇಜಿನ ಮೇಲೆ ನೀಲಿ ಬೋರ್ಡಿನಲ್ಲಿ ಬಿಳಿಯ ಅಕ್ಷರ, ಸರ್ವಮಂಗಳ, ಪೂರ್ತಿ ಹೆಸರು. ಆ ದಿನ ಎರಡು ಮದುವೆಯ ಪಟ್ಟಿ ಮುಗಿಸಿದೆ. ಒಬ್ಬ ಸೋದರಮಾವ ಪರದೆಯ ಮೇಲೆ ತಮ್ಮ ಹೆಸರನ್ನು ಬೆರಳಿಟ್ಟು ಓದಿ, "ಮೇಡಂ, ಚೆನ್ನಾಗಿ ಕಾಣುತ್ತೆ" ಎಂದರು. ಕಾಫಿ ಮೊದಲು ನನಗೇ ಬಂತು. ಬಿಸಿಯಾಗಿತ್ತು. ಇಷ್ಟು ವರ್ಷ ಆರಿರುವುದೇ ಕಾಫಿಯ ಸ್ವಭಾವ ಎಂದುಕೊಂಡಿದ್ದೆ.

ಸಂಜೆ ಎರಡೂ ಲ್ಯಾಪ್‌ಟಾಪ್ ಹೊತ್ತೇ ಮರಳಿದೆ. ಬೆಳಿಗ್ಗೆ ನೋಡದಿದ್ದವರೂ ಈಗ ನೋಡಲೆಂದೇ ಬಂದು ನಿಂತಿದ್ದರು. ಮನೆಯಲ್ಲಿ ಅವ್ವ ನೆನೆಹಾಕಿದ ಅವರೆಕಾಳು ಹಿಚುಕುತ್ತ ಕೂತಿದ್ದಳು. ಎದುರಿಗೆ ಎರಡನ್ನೂ ಇಟ್ಟೆ.

"ಅವ್ವ, ನಾನು ಹುಟ್ಟಿದಾಗ ಎಷ್ಟಿದ್ದೆ?"

ಅವ್ವನ ಕೈ ನಿಂತಿತು. "ಯಾರು ನೋಡಿದ್ರು?"

"ಊರೆಲ್ಲ."

ಅವಳು ಒಂದು ಕಾಳು ಹಿಚುಕಿದಳು, ಇನ್ನೊಂದು ಹಿಚುಕಿದಳು. "ನಾಲ್ಕು ಮುಕ್ಕಾಲು" ಎಂದಳು. "ಸೂಲಗಿತ್ತಿ ನಂಬದೆ ಎರಡು ಸಲ ತೂಗಿದ್ಲು. ಈ ಬೀದೀಲಿ ಅಷ್ಟು ದಪ್ಪ ಹೆಣ್ಣುಮಗು ಹುಟ್ಟಿರ್ಲಿಲ್ಲ. ನಾನೇ ಅವಳ ಕೈಗೆ ಸೀರೆ ಇಟ್ಟು ಬಾಯಿ ಮುಚ್ಚಿಸ್ದೆ. ಮೂರು ತಿಂಗಳು ಬಾಣಂತಿ ಕೋಣೆ ಬಾಗಿಲು ತೆಗೀಲಿಲ್ಲ. ಆಮೇಲೆ ನೋಡ್ದೋರು, ಏಳು ತಿಂಗಳ ಮಗೂನ ಎಷ್ಟು ಚೆನ್ನಾಗಿ ಸಾಕವ್ಳೆ ಅಂದ್ರು."

"ಯಾಕವ್ವ?"

"ಯಾಕೆ ಅಂತ ಕೇಳ್ತೀಯಾ? ನಾನು ಮೂರು ಮುಕ್ಕಾಲು ಕಣೇ. ಮದುವೆಯಾಗಿ ಬಂದ ಮಾರನೇ ದಿನದಿಂದ ಹೊತ್ತೆ. ಮನೇದಷ್ಟೇ ಅಲ್ಲ. ಕಂಡೋರ ಮನೆ ಹಿಟ್ಟು, ಕಂಡೋರ ಬಟ್ಟೆ ಗಂಟು, ಯಾರ್ದೋ ಮನೆ ಬಾಗಿಲಿಗೆ ಚಿಲಕ. ನೀನು ಹೊಟ್ಟೇಲಿದ್ದಾಗ್ಲೂ ಒಂದು ದಿನ ಬಿಡಲಿಲ್ಲ. ನಿಮ್ಮಪ್ಪ ಎರಡೂಕಾಲು, ಕೈ ಬೀಸ್ಕೊಂಡು ಮುಂದೆ ಮುಂದೆ ಹೋಗೋರು. ನಾಲ್ಕು ಮುಕ್ಕಾಲು ಅಂತ ಸೂಲಗಿತ್ತಿ ನಕ್ಕಳು, ನಾನು ಅತ್ತೆ. ನನಗಿಂತ ಒಂದು ಕಿಲೋ ಜಾಸ್ತಿ ಹೊರ್ತಾಳಲ್ಲ ಇವಳು ಅಂತ."

ನನಗೆ ಸಿಟ್ಟು ಬಂತು. ಮೂರು ಮನೆಯವರು ತಿಂದು ಹೋದ ಉಪ್ಪಿಟ್ಟು, ಭಾವನ ಗೊರಕೆ ಕೇಳುತ್ತ ಕಾದ ಮಧ್ಯಾಹ್ನಗಳು, ಟೈಪ್ ಮಾಡೋ ಹುಡುಗಿ, ಎಲ್ಲ ಒಟ್ಟಿಗೇ ನೆನಪಾದವು. "ಆಗಲ್ಲ ಅಂತ ಹೇಳೋದು ಕಲಿಸಿದ್ರೆ ಸಾಕಿತ್ತಲ್ಲವ್ವ" ಎಂದೆ.

"ನನಗೇ ಬರ್ತಿರಲಿಲ್ಲ. ಬರದೇ ಇರೋದನ್ನ ಹೆಂಗೆ ಕಲಿಸ್ಲಿ?" ಎಂದಳು ಅವ್ವ. "ಸುಳ್ಳು ಹೇಳೋಕೆ ಬರ್ತಿತ್ತು. ಅದನ್ನ ಹೇಳ್ದೆ."

ಸಿಟ್ಟು ಇನ್ನೂ ಇತ್ತು. ಅದರ ಜೊತೆಗೇ ಅಳುವೂ ಬಂತು, ಯಾವುದು ಮೊದಲು ಹೊರಬರಬೇಕೆಂದು ತಿಳಿಯದೆ ನಾನು ಅವಳ ಪಕ್ಕದಲ್ಲಿ ಕೂತು ಅವರೆಕಾಳು ಹಿಚುಕಿದೆ. ಅವಳು ಮೆಲ್ಲಗೆ ನನ್ನ ಹೊಸ ಲ್ಯಾಪ್‌ಟಾಪನ್ನು ಎತ್ತಿ ನೋಡಿದಳು. ಭಾರ ಹೊತ್ತು ಪಳಗಿದ ಕೈ, ಎತ್ತಿದ ಕೂಡಲೇ ಅಂದಾಜು ಹತ್ತಿತು. "ಒಂದು ಕಿಲೋನೂ ಇಲ್ಲ. ಇಷ್ಟರಲ್ಲಿ ಕೆಲಸ ಆಗುತ್ತಾ?" ಎಂದಳು. ಭಾವ ಕೇಳಿದ್ದೂ ಇದೇ ಮಾತು. ಅವ್ವ ಕೇಳಿದಾಗ ಮಾತ್ರ ಅದರಲ್ಲಿ ಆಸೆ ಇತ್ತು. ಆಗುತ್ತವ್ವ ಎಂದೆ. ಅಷ್ಟರಲ್ಲಿ ಅಕ್ಕ ಬಂದಳು. ಭಾವ ಹೊದ್ದು ಮಲಗಿದ್ದಾರೆಂದಳು. "ಮೂರೂ ಆರುನೂರು ಅಂತ ಮದುವೆಯಾದ ವಾರಕ್ಕೇ ನನಗೆ ಗೊತ್ತಾಗಿತ್ತು ಬಿಡೇ. ಅವರಿಗೆ ಗೊತ್ತಿದೆ ಅಂತ ಮಾತ್ರ ಗೊತ್ತಿರಲಿಲ್ಲ" ಎಂದು ನಿಟ್ಟುಸಿರುಬಿಟ್ಟು, ಹೋಗುವಾಗ ಬಾಗಿಲಲ್ಲಿ ನಿಂತು, "ಹೆಂಗೂ ನಾಳೆ ಹೋಗ್ತೀಯಲ್ಲ, ನಾದಿನಿ ಮನೆಗೆ ಒಂದು ಇಡ್ಲಿ ಪಾತ್ರೆ ಕೊಡೋದಿತ್ತು" ಎಂದಳು. ಅವ್ವ ನನ್ನ ಮುಖ ನೋಡಿದಳು. ನಾನು ಹೂಂ ಅಂದೆನೋ ಊಹೂಂ ಅಂದೆನೋ ನನಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಹೋದ ಮೇಲೆ ಹನ್ನೆರಡು ವರ್ಷದಿಂದ ಅವಳು ಸೇತುವೆಯ ಕಡೆ ತಲೆ ಹಾಕಿರಲಿಲ್ಲ. ಮಂಡಿ ನೋವು ಎನ್ನುತ್ತಿದ್ದಳು. "ಛತ್ರದಲ್ಲಿ ನಿನ್ನ ಬೋರ್ಡು ನೋಡ್ಬೇಕು" ಎಂದಳು. ಇಬ್ಬರೂ ಹೊರಟೆವು.

ಸೇತುವೆಯ ತುದಿಯಲ್ಲಿ ಹನ್ನೊಂದು ಚೀಲಗಳಿದ್ದವು, ಅಕ್ಕನ ಇಡ್ಲಿ ಪಾತ್ರೆಯದೂ ಸೇರಿ. ನಾನೇ ಎಣಿಸಿದೆ. ನಾಲ್ಕು ಮುಕ್ಕಾಲಿನ ಸುದ್ದಿ ಬೆಳಗಾಗುವಷ್ಟರಲ್ಲಿ ಎರಡೂ ದಡ ತಿರುಗಿ ಬಂದಿತ್ತು. ಎಲ್ಲರಿಗಿಂತ ಮುಂದೆ ನಮ್ಮ ಎದುರುಮನೆಯ ಪುಟ್ಟನಂಜಮ್ಮ, ಕೈಯಲ್ಲಿ ಶಾವಿಗೆ ಒತ್ತುವ ಕಬ್ಬಿಣದ ಮಣೆ. ಚಿಕ್ಕಂದಿನಿಂದ ನನ್ನನ್ನು ಎತ್ತಿ ಆಡಿಸಿದವರು. "ನಮ್ಮ ಸರ್ವಿ ಇಷ್ಟು ಗಟ್ಟಿ ಅಂತ ಗೊತ್ತೇ ಇರಲಿಲ್ಲ ನೋಡು. ತಗೋ ಮಗಳೇ, ಮೇಲಿನ ಬೀದಿ ಕೊನೇ ಮನೆ. ಅವರಿರದಿದ್ರೆ ಸ್ವಲ್ಪ ಕಾಯಿ" ಎಂದರು. ಅವರ ಹಿಂದೆ ಉಳಿದ ಹತ್ತು ಮಂದಿ ಪ್ರೀತಿಯಿಂದ ನಗುತ್ತಿದ್ದರು. ಅವರಲ್ಲಿ ಒಬ್ಬರೂ ಕೆಟ್ಟವರಲ್ಲ, ಅದೇ ಕಷ್ಟ. ಒಂಬತ್ತೂವರೆಯಾಗಿತ್ತು. ಹನ್ನೊಂದು ಬಾಗಿಲು ತಟ್ಟಿ ಛತ್ರ ಸೇರುವಷ್ಟರಲ್ಲಿ ನನ್ನ ಬೋರ್ಡಿನ ಮೇಲೆ ಇನ್ನೊಬ್ಬರ ಹೆಸರು ಬಿದ್ದಿರುತ್ತದೆ. ಗೊತ್ತಿದ್ದರೂ ನನ್ನ ಕೈ ತಾನಾಗಿಯೇ ಮುಂದೆ ಚಾಚಿತ್ತು. ಕೈಗೂ ಊರಿನ ಅಭ್ಯಾಸವಿರುತ್ತದೆ.

ಕಬ್ಬಿಣ ಬೆರಳಿಗೆ ತಣ್ಣಗೆ ತಗುಲಿತು. ಕೈ ಹಿಂದೆ ತೆಗೆದುಕೊಂಡೆ.

"ಹೊರೋಕೆ ನನ್ನ ಕೈಲಾಗುತ್ತೆ ಅತ್ತೆ" ಎಂದೆ.

"ಅದೇ ಮತ್ತೆ."

"ಆದ್ರೆ ತಗೊಂಡು ಹೋಗಲ್ಲ."

ಪುಟ್ಟನಂಜಮ್ಮ ನನ್ನನ್ನು ನೋಡಿದರು. ಉಳಿದವರು ಪುಟ್ಟನಂಜಮ್ಮನನ್ನು ನೋಡಿದರು. "ಹಂಗಂದ್ರೆ?" ಎಂದರು, ನಿಜವಾಗಿಯೂ ಅರ್ಥವಾಗದೆ.

"ಹತ್ತು ಗಂಟೆಗೆ ನನ್ನ ಮೇಜಲ್ಲಿರ್ಬೇಕು. ದಿನಾ ಇರ್ಬೇಕು. ನಾಳೇನೂ ತಗೊಂಡು ಹೋಗಲ್ಲ, ನಾಡಿದ್ದೂ ಇಲ್ಲ. ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ, ಅವರು ಬೇಜಾರು ಮಾಡಿಕೊಳ್ಳುವ ಮೊದಲೇ ಸೇತುವೆ ಹತ್ತಿದೆ. ಹೆಗಲ ಮೇಲೆ ಲ್ಯಾಪ್‌ಟಾಪು ಇದೆಯೋ ಇಲ್ಲವೋ ಎಂಬಂತಿತ್ತು. ಆದರೂ ಹಲಗೆ ನೋಡಿ ನೋಡಿ ಕಾಲಿಟ್ಟೆ. ಹೊತ್ತದ್ದಕ್ಕೆ ಹಿಡಿಯುವ ಸೇತುವೆ ಇಂಥ ಮಾತಿಗೂ ಹಿಡಿಯುತ್ತದೇನೋ, ಯಾರೂ ಆಡಿ ನೋಡಿರಲಿಲ್ಲವಲ್ಲ. ನಡುಸೇತುವೆ ಬಂತು. ಬಲಗಾಲು ಎತ್ತಿದೆ, ಬಂತು. ಎಡಗಾಲೂ ಬಂತು.

ಹಿಂದಿನಿಂದ ಪುಟ್ಟನಂಜಮ್ಮನ ದನಿ ಕೇಳಿಸಿತು. "ಹೋಗ್ಲಿ ಬಿಡಿ, ಅವಳಿಗೆ ಏನೋ ಅವಸರ. ನೀವಾದ್ರೂ ತಗೊಳ್ಳಿ ಶಾಂತವ್ವ, ನಿಮ್ದು ಮೂರು ಮುಕ್ಕಾಲಲ್ವಾ."

ನಾನು ತಿರುಗಲಿಲ್ಲ. ಅವ್ವ ಮಣೆ ಹಿಡಿದು ಬರುವುದನ್ನು ನೋಡುವ ಶಕ್ತಿ ನನ್ನ ನಾಲ್ಕು ಮುಕ್ಕಾಲಿಗೂ ಇರಲಿಲ್ಲ.

"ಇಲ್ಲ ಕಣ್ರಿ" ಎಂದಳು ಅವ್ವ. ದನಿ ಒಡೆದಿತ್ತು, ಬಳಸದೇ ಇಟ್ಟ ಮಾತಾದ್ದರಿಂದ. ಮತ್ತೆ ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಹೇಳಿದಳು. "ಇಲ್ಲ."

ಆಗ ತಿರುಗಿದೆ. ಅವ್ವ ಹಲಗೆಗಳ ಮೇಲೆ ನಡೆದು ಬರುತ್ತಿದ್ದಳು, ಎರಡೂ ಕೈ ಬೀಸಿಕೊಂಡು. ಖಾಲಿ ಕೈಗಳನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ ಸ್ವಲ್ಪ ಹೆಚ್ಚೇ ಬೀಸುತ್ತಿದ್ದಳು.